ಗಣಿ ಮುಚ್ಚಿದ ಮೇಲೆ ಉಳಿದ ಧೂಳು

ಕೋಲಾರದ ಗಣಿಗಳಲ್ಲಿ ಬಂಗಾರವು ಬೆಣಚುಕಲ್ಲಿನ ಎಳೆಗಳೊಳಗೆ ಅಡಗಿದ್ದಿತು. ಅದನ್ನು ಪಡೆಯಲು ಕಲ್ಲನ್ನು ಕೊರೆಯಬೇಕು, ಸಿಡಿಸಬೇಕು, ಪುಡಿಮಾಡಬೇಕು. ಆಗ ಏಳುವ ಧೂಳಿನಲ್ಲಿ ಸಿಲಿಕ ಹೇರಳವಾಗಿರುತ್ತದೆ. ಆ ಧೂಳನ್ನು ಉಸಿರಾಡಿ ದುಡಿದ ಅನೇಕರು ಇಂದು ಆಂಡರ್ಸನ್‌ಪೇಟೆಯಂತಹ ಬಡಾವಣೆಗಳಲ್ಲಿ ಮುಪ್ಪನ್ನು ಕಳೆಯುತ್ತಿದ್ದಾರೆ. ಅವರ ದೇಹದಲ್ಲಿ ಆ ಧೂಳು ಏನಾಯಿತೆಂಬುದನ್ನು ನಾವು ಈಗ ವಿಚಾರಿಸೋಣ.

ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಸಣ್ಣ ಕಣಗಳು ಮೂಗು ಗಂಟಲುಗಳ ತಡೆಯನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುವುವು. ಅಲ್ಲಿನ ರಕ್ಷಕ ಜೀವಕೋಶಗಳು ಅವನ್ನು ನುಂಗಿ, ಕರಗಿಸಲಾರದೆ ತಾವೇ ಸಾಯುವುವು. ಕಣವು ಉಳಿಯುತ್ತದೆ, ಉರಿಯೂತ ಮರುಕಳಿಸುತ್ತದೆ, ಮೃದುವಾದ ಅಂಗಾಂಶವು ಕಲೆಗಟ್ಟಿ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಮೈಸೂರು ಸಂಸ್ಥಾನವು 1940ರಲ್ಲಿಯೇ ಈ ರೋಗಕ್ಕಾಗಿ ನಿಯಮಗಳನ್ನು ರಚಿಸಿದ್ದಿತು. ಸಿಲಿಕ ಧೂಳು ಶ್ವಾಸಕೋಶದ ಕ್ಯಾನ್ಸರನ್ನೂ ತರಬಲ್ಲುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ನಿರ್ಣಯಿಸಿತು. ಧೂಮಪಾನವೂ ಸೇರಿದರೆ ಅಪಾಯವು ಇನ್ನಷ್ಟು ಹೆಚ್ಚು.

ಇಲ್ಲಿ ಗಮನಿಸಬೇಕಾದುದು ಕಾಲದ ಲೆಕ್ಕ. ಧೂಳು ಹೊಕ್ಕು ಹಲವು ದಶಕಗಳಾದ ಮೇಲೆ ಕ್ಯಾನ್ಸರ್ ತಲೆಯೆತ್ತಬಹುದು. ಗಣಿಯ ಆಸ್ಪತ್ರೆಯಾದರೋ ಕಾರ್ಮಿಕನ ಉದ್ಯೋಗಕ್ಕೆ ಹೊಂದಿಕೊಂಡಿದ್ದಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ತನ್ನ ಗಣಿಗಳನ್ನು ಮುಚ್ಚಿತು. ಉದ್ಯೋಗದೊಡನೆ ವೈದ್ಯಕೀಯ ಆಸರೆಯೂ ಹೋಯಿತು. ಅಂದು ನಲವತ್ತರ ಪ್ರಾಯದವನಾಗಿದ್ದವನು ಇಂದು ಅರವತ್ತು ದಾಟಿದ್ದಾನೆ. ರೋಗವು ಬರಬಹುದಾದ ವಯಸ್ಸಿನಲ್ಲಿಯೇ ಆಸರೆ ಇಲ್ಲವಾಗಿದೆ.

ಸರ್ಕಾರದ ಯೋಜನೆಗಳಿಲ್ಲವೇ ಎಂದು ಓದುಗರು ಕೇಳಬಹುದು. ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಒದಗಿಸುವಂತೆ ರೂಪುಗೊಂಡಿತು. ರೇಖೆಗಿಂತ ಮೇಲಿನವರಿಗೆ ನಿಗದಿತ ವೆಚ್ಚದ ಶೇಕಡಾ 30 ಮಾತ್ರ. ಉಳಿದ 70 ಪಾಲು ಕುಟುಂಬದ ಮೇಲೆ. ಆದುದರಿಂದ ಪಡಿತರ ಚೀಟಿಯ ವರ್ಗವೊಂದು ಬದಲಾದರೂ ಮುದುಕನೊಬ್ಬನ ಚಿಕಿತ್ಸೆಯ ಲೆಕ್ಕವೇ ಬದಲಾಗುತ್ತದೆ.

ಚೀಟಿ ಭರಿಸದ ವೆಚ್ಚಗಳೂ ಉಂಟು. ವಿಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಕೆಲವು ವಾರ ಕೊಡುತ್ತಾರೆ. ಇದಕ್ಕಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವ ರೋಗಿಯು ಬಂಗಾರಪೇಟೆಯ ಮಾರ್ಗವಾಗಿ ದಿನವೂ ರೈಲು ಹಿಡಿಯಬೇಕು, ಇಲ್ಲವೇ ನಗರದಲ್ಲಿ ತಂಗಬೇಕು. ಜೊತೆಗೆ ಹೋಗುವ ಮಗನಿಗೋ ಮಗಳಿಗೋ ಅಂದಿನ ಕೂಲಿ ಇಲ್ಲ. ಚಿಕಿತ್ಸೆಯನ್ನು ನಡುವೆ ನಿಲ್ಲಿಸಿದರೆ ಗಂತಿಯಲ್ಲಿ ಉಳಿದ ಜೀವಕೋಶಗಳು ಮತ್ತೆ ವೃದ್ಧಿಯಾಗುವುವು. ಹೀಗೆ ರೈಲಿನ ವೆಚ್ಚವೂ ಕಳೆದ ಕೂಲಿಯೂ ರೋಗದ ಗತಿಯನ್ನು ನಿರ್ಧರಿಸಬಲ್ಲುವು.

ಗಣಿಯಲ್ಲಿ ದುಡಿದವರಿಗೆ ಕೆಮ್ಮು ಮೂರು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಅದು ಮುಪ್ಪಿನದೆಂದು ಸುಮ್ಮನಿರಬಾರದು. ವೈದ್ಯರಿಗೆ ಗಣಿಯ ಕೆಲಸದ ವಿಷಯವನ್ನು ತಪ್ಪದೆ ತಿಳಿಸಬೇಕು. ಕೆಲಸದ ದಾಖಲೆಗಳನ್ನು ಜೋಪಾನವಾಗಿಡಬೇಕು. ಆಳುವವರು ಗಮನಿಸಬೇಕಾದುದು ಇಷ್ಟೆ: ಧೂಳು ಎಷ್ಟು ವರ್ಷ ದೇಹದಲ್ಲಿ ಉಳಿಯುವುದೋ, ಚಿಕಿತ್ಸೆಯ ಹೊಣೆಯೂ ಅಷ್ಟು ವರ್ಷ ಉಳಿಯಬೇಕು.