ಕೊನೆಯ ಪಂಕ್ತಿಯ ಹೂವು

ಉತ್ತರ ಅಮೆರಿಕದ ಪೂರ್ವಪ್ರಾಂತ್ಯಗಳಲ್ಲಿ ಬೇಸಗೆಯ ಪುಷ್ಪಗಳೆಲ್ಲ ಬಾಡಿ ಬೀಜಕಟ್ಟುವ ಆಗಸ್ಟ್ ಮಾಸದ ಕೊನೆಯಿಂದ ಮೊದಲ್ಗೊಂಡು ಇಬ್ಬನಿ ಹೆಪ್ಪುಗಟ್ಟುವ ದಿನಗಳವರೆಗೆ, ಬೀಳುಬಿಟ್ಟ ಹೊಲಗಳಲ್ಲಿಯೂ ದಾರಿಯ ಅಂಚುಗಳಲ್ಲಿಯೂ ಅಚ್ಚ ಹಳದಿಯ ಗೊಂಚಲುಗಳನ್ನು ಹೊತ್ತು ನಿಲ್ಲುವ ಗೋಲ್ಡನ್‌ರಾಡ್ ಗಿಡವು, ಹಬ್ಬದೂಟದ ಕೊನೆಯ ಪಂಕ್ತಿಗೆ ಬಂದವರಿಗೂ ಎಲೆ ಹಾಕಿ ಬಡಿಸುವ ಗೃಹಿಣಿಯಂತೆ, ಋತುವಿನ ಕಡೆಯ ಕೀಟಗಳಿಗೆ ಮಕರಂದವನ್ನೂ ಪರಾಗವನ್ನೂ ಒದಗಿಸುತ್ತದೆ. ಸೊಲಿಡಾಗೊ ಎಂಬ ಶಾಸ್ತ್ರೀಯ ನಾಮದ, ಸೇವಂತಿಗೆಯ ಕುಟುಂಬಕ್ಕೆ ಸೇರಿದ ಈ ಸಸ್ಯದಲ್ಲಿ ನೂರಕ್ಕೆ ಮಿಕ್ಕಿ ಪ್ರಭೇದಗಳುಂಟು; ಬಹುಪಾಲು ಆ ಖಂಡದವೇ.

ನೆಬ್ರಾಸ್ಕ ಸಂಸ್ಥಾನವು 1895ರಲ್ಲಿಯೂ ಕೆಂಟಕಿಯು 1926ರಲ್ಲಿಯೂ ಇದನ್ನು ರಾಜ್ಯಪುಷ್ಪವಾಗಿ ಅಂಗೀಕರಿಸಿದ್ದರೂ, ಸೀನು, ಕಣ್ಣುರಿಗಳಿಗೆ ಇದೇ ಕಾರಣವೆಂಬ ಅಪವಾದವು ಇದನ್ನು ಬಿಟ್ಟಿಲ್ಲ. ಇದು ಅನ್ಯಾಯ. ಇದರ ಪರಾಗವು ಭಾರವಾದುದು, ಅಂಟುಳ್ಳದ್ದು; ಕೀಟದ ಮೈಗೆ ಹತ್ತಿ ಹೋಗಬೇಕಲ್ಲದೆ ಗಾಳಿಯಲ್ಲಿ ತೇಲಿ ಹೋಗುವಂಥದಲ್ಲ. ಅದೇ ಕಾಲದಲ್ಲಿ ಅರಳುವ ರ‍್ಯಾಗ್‌ವೀಡ್ ಎಂಬ ಕಳೆಯು, ಯಾರ ಗಮನಕ್ಕೂ ಬಾರದ ತನ್ನ ಹಸಿರು ಹೂಗಳಿಂದ ಪರಾಗವನ್ನು ಗಾಳಿಗೆ ತೂರುತ್ತಿರಲು, ಕಣ್ಣಿಗೆ ಹೊಳೆದ ಹಳದಿಯ ಮೇಲೆ ದೋಷವು ಬಿದ್ದಿತು.

ಬಂಬಲ್‌ಬೀಗಳ ಸಂಸಾರದಲ್ಲಿ ಹಳೆಯ ರಾಣಿಯೂ ದುಡಿಯುವ ನೊಣಗಳೂ ಚಳಿಗೆ ಅಳಿದು, ಹೊಸ ರಾಣಿಗಳು ಮಾತ್ರ ನೆಲದೊಳಗೆ ಮಲಗಿ ಮುಂದಿನ ವಸಂತವನ್ನು ಕಾಣುತ್ತವೆ. ಆ ದೀರ್ಘನಿದ್ರೆಗೆ ಬೇಕಾದ ಮೇದಸ್ಸನ್ನು ಅವು ಸಂಚಯಿಸಿಕೊಳ್ಳುವುದು ಇಂತಹ ಹೂಗಳಿಂದ. ಮೆಕ್ಸಿಕೋದ ಪರ್ವತಗಳತ್ತ ವಲಸೆ ಹೊರಟ ಮೊನಾರ್ಕ್ ಚಿಟ್ಟೆಗಳೂ ಇಲ್ಲಿ ಇಳಿಯುತ್ತವೆ.

ಹೂವು ಮುಗಿದ ಮೇಲೂ ಗಿಡದ ಉಪಕಾರವು ಮುಗಿಯದು. ಒಣಗಿದ ಕಾಂಡದ ನಡುವೆ ಅಂಗುಲದಷ್ಟು ದಪ್ಪನಾಗಿ ಉಬ್ಬಿದ ದುಂಡುಗಂಟೊಂದನ್ನು ಸೀಳಿ ನೋಡಿದರೆ, ಒಳಗಿನ ಪುಟ್ಟ ಪೊಳ್ಳಿನಲ್ಲಿ ಬಿಳಿಯ ಮರಿಹುಳುವೊಂದು ಮುದುಡಿರುತ್ತದೆ. ಯೂರೋಸ್ಟ ಎಂಬ ನೊಣದ ಸಂತಾನವದು. ದೇಹದಲ್ಲಿ ಗ್ಲಿಸರಾಲನ್ನೂ ಸಾರ್ಬಿಟಾಲನ್ನೂ ತುಂಬಿಕೊಂಡು, ಮೈಯ ನೀರಿನ ಬಹುಭಾಗವು ಹೆಪ್ಪುಗಟ್ಟಿದರೂ ಜೀವ ಹಿಡಿದಿರುವ ಇದನ್ನು ಅರಸುತ್ತ ಡೌನಿ ಮರಕುಟಿಗವು ಬಂದು ಗಂಟಿಗೆ ರಂಧ್ರ ಕೊರೆಯುತ್ತದೆ. ಗೋಲ್ಡ್‌ಫಿಂಚ್ ಹಕ್ಕಿಗಳಿಗೆ ಬೀಜವೇ ಸಾಕು.

ಆದುದರಿಂದ ಅಲ್ಲಿನ ಹಿತ್ತಿಲುಗಳಲ್ಲಿ ಇದನ್ನು ಬೆಳೆಸುವವರು ಒಣಕಾಂಡಗಳನ್ನು ವಸಂತದವರೆಗೂ ಕತ್ತರಿಸದೆ ಬಿಡುವುದು ಉಚಿತ. ಕೆನಡಾ ಪ್ರಭೇದವು ನೆಲದೊಳಗಿನ ಬೇರುಕಾಂಡಗಳಿಂದ ಇಡೀ ಪಾತಿಯನ್ನು ಆಕ್ರಮಿಸುವುದರಿಂದ, ಚಿಕ್ಕ ಜಾಗಕ್ಕೆ ಗುಂಪಾಗಿ ನಿಲ್ಲುವ ಸೊಲಿಡಾಗೊ ಸ್ಪೆಸಿಯೋಸ, ಮರದ ನೆರಳಿಗೆ ಸೊಲಿಡಾಗೊ ಸೀಸಿಯ ಒಳ್ಳೆಯವು. ಬೆಂಗಳೂರಿನ ಹೂವಿನಂಗಡಿಗಳಲ್ಲಿ ಗುಲಾಬಿಗಳ ನಡುವೆ ಸೇರಿಸುವ ಹಳದಿ ಕಡ್ಡಿಗಳೂ ಈ ಕುಲದವೇ. ಆದರೆ ಯೂರೋಪಿನಲ್ಲಿಯೂ ಚೀನದಲ್ಲಿಯೂ ಕೆನಡಾ ಪ್ರಭೇದವು ತೋಟದ ಬೇಲಿ ದಾಟಿ ಅಲ್ಲಿನ ಸ್ವಂತ ಸಸ್ಯಗಳನ್ನು ಒತ್ತರಿಸಿರುವುದನ್ನು ಬಲ್ಲವನು ಇದನ್ನು ನಮ್ಮ ಬಯಲುಗಳಲ್ಲಿ ನೆಡಿರೆಂದು ಹೇಳಲಾರ. ನಮ್ಮ ಹೊಲದಂಚಿನ ಜೇನುದುಂಬಿಗಳಿಗೆ ಉಳಿಸಿಕೊಡಬೇಕಾದದ್ದು ತುಂಬೆಯನ್ನು, ಆಡುಸೋಗೆಯನ್ನು.