ಸ್ಪ್ಯಾನಿಷಿನಲ್ಲಿ ಸಂಗಾತಿವಾಚಕ ಶಬ್ದಗಳು

ಸ್ಪ್ಯಾನಿಷ್ ಸಾಹಿತ್ಯವು ಕನ್ನಡಕ್ಕೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಈ ಬಳಸುದಾರಿಯಲ್ಲಿ ಅಳಿಸಿಹೋಗುವ ಅರ್ಥವಿಶೇಷಗಳಲ್ಲಿ ಸಂಗಾತಿಯನ್ನು ಹೇಳುವ ಶಬ್ದಗಳದು ಒಂದು ದೊಡ್ಡ ಗುಂಪು. ಇಂಗ್ಲಿಷಿನ ‘ಪಾರ್ಟ್ನರ್’ ಎಂಬ ಶಬ್ದವು ಅಂಗಡಿಯ ಪಾಲುಗಾರನಿಗೂ, ನೃತ್ಯದಲ್ಲಿ ಜೊತೆಗೂಡಿದವರಿಗೂ, ಬಾಳಿನ ಸಂಗಾತಿಗೂ ಸಮನಾಗಿ ಸಲ್ಲುವುದು. ಸ್ಪ್ಯಾನಿಷಿನಲ್ಲಿ ಅಂತಹ ಸರ್ವಸಾಧಾರಣ ಶಬ್ದವಿಲ್ಲ. ಇಬ್ಬರು ಯಾವುದರಲ್ಲಿ ಭಾಗಿಗಳೆಂಬುದನ್ನು ಮೊದಲು ನಿಶ್ಚಯಿಸಿಕೊಂಡಲ್ಲದೆ ಅಲ್ಲಿ ಶಬ್ದವನ್ನು ಆರಿಸಲಾಗದು.

ವ್ಯಾಪಾರದಲ್ಲಿ ಭಾಗಿಯಾದವನು ‘ಸೋಸಿಯೊ’. ಕ್ಯಾಸ್ಟೀಲಿನ ಉಚ್ಚಾರಣೆಯಲ್ಲಿ ‘ಸೋಥಿಯೊ’. ಮಿತ್ರಪಕ್ಷದವನೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದವೇ ಇದರ ಮೂಲ. ಬಂಡವಾಳವನ್ನು ಹೂಡದೆ ದುಡಿಮೆಯನ್ನು ಮಾತ್ರ ಒದಗಿಸುವ ಪಾಲುಗಾರನಿಗೆ ಅಲ್ಲಿಯ ವಾಣಿಜ್ಯ ಶಾಸನದಲ್ಲಿ ‘ಸೋಸಿಯೊ ಇಂದುಸ್ತ್ರಿಯಾಲ್’ ಎಂಬ ಪ್ರತ್ಯೇಕ ಹೆಸರುಂಟು. ಕ್ರೀಡಾಸಂಘದ ಸದಸ್ಯನೂ ಸೋಸಿಯೊ ಎನಿಸುವುದರಿಂದ ಎಲ್ಲೆಡೆಯೂ ‘ಪಾಲುಗಾರ’ನೆಂದು ಬರೆದರೆ ತಪ್ಪಾಗುವುದು. ಜೊತೆಯಲ್ಲಿ ಕೆಲಸಮಾಡುವವನು, ಓದುವವನು ‘ಕೊಂಪನ್ಯೇರೊ’. ಒಂದೇ ರೊಟ್ಟಿಯನ್ನು ಹಂಚಿಕೊಂಡು ಉಣ್ಣುವವನೆಂಬುದು ಇದರ ವ್ಯುತ್ಪತ್ತಿ. ಇದೇ ಶಬ್ದವು ಮದುವೆಯಿಲ್ಲದೆ ಕೂಡಿ ಬಾಳುವವರಿಗೂ, ರಾಜಕೀಯ ಪಕ್ಷಗಳ ಒಡನಾಡಿಗಳಿಗೂ ಹಬ್ಬಿರುವುದು. ‘ಕಮರಾದ’ ಎಂಬುದು ಒಂದೇ ಕೋಣೆಯಲ್ಲಿ ತಂಗುವ ಸೈನಿಕರಿಂದ ಬಂದುದು. ಇಂಗ್ಲಿಷಿನ ‘ಕಾಮ್ರೇಡ್’ ಫ್ರೆಂಚಿನ ಮೂಲಕ ಇಲ್ಲಿಂದಲೇ ಹೋದ ಶಬ್ದ.

ದಾಂಪತ್ಯದ ಶಬ್ದಗಳಲ್ಲಿ ಈ ಭೇದಗಳು ಇನ್ನೂ ಸೂಕ್ಷ್ಮವಾಗಿವೆ. ‘ಎಸ್ಪೋಸೊ’, ‘ಎಸ್ಪೋಸ’ ಎಂಬವು ವಾಗ್ದಾನವನ್ನು ಹೇಳುವ ಲ್ಯಾಟಿನ್ ಧಾತುವಿನಿಂದ ಹುಟ್ಟಿದವು. (‘ಎಸ್ಪೋಸಾಸ್’ ಎಂಬ ಬಹುವಚನಕ್ಕೆ ಕೈಕೋಳವೆಂಬ ಅರ್ಥವೂ ಇರುವುದನ್ನು ಆ ನಾಡಿನ ವಿನೋದಗಾರರು ವ್ಯರ್ಥವಾಗಬಿಟ್ಟಿಲ್ಲ.) ಸ್ಪೇನಿನಲ್ಲಿ ಮನೆಮಾತಿಗೆ ಹೆಚ್ಚು ಒಗ್ಗಿದವು ‘ಮರೀದೊ’ ಮತ್ತು ‘ಮುಹೇರ್’. ಇವುಗಳಲ್ಲಿ ಎರಡನೆಯದಕ್ಕೆ ಹೆಂಗಸೆಂಬುದೇ ಮೊದಲ ಅರ್ಥ. ನ್ಯಾಯಶಾಸ್ತ್ರದ ಶಬ್ದವು ‘ಕೋನ್ಯುಹೆ’, ಎಂದರೆ ಒಂದೇ ನೊಗಕ್ಕೆ ಹೂಡಿದವರು. ಇದು ಉಭಯಲಿಂಗಗಳಿಗೂ ಸಲ್ಲುವುದು. 2005ರಲ್ಲಿ ಸ್ಪೇನ್ ಸಮಲಿಂಗಿಗಳ ವಿವಾಹಕ್ಕೆ ಮನ್ನಣೆಯಿತ್ತಾಗ, 1889ರ ಸಿವಿಲ್ ಸಂಹಿತೆಯಲ್ಲಿ ಮರೀದೊ, ಮುಹೇರ್ ಎಂದಿದ್ದೆಡೆಗಳಲ್ಲಿ ಈ ಶಬ್ದವನ್ನು ಸೇರಿಸಿದುದು ಇದೇ ಗುಣದಿಂದ.

ಇಂದಿನ ಮಾತಿನಲ್ಲಿ ಬಹುವ್ಯಾಪಕವಾದುದು ‘ಪರೇಹ’. ಸಮಾನವೆಂಬ ಅರ್ಥದ ಧಾತುವಿನಿಂದ ಬಂದ ಇದು ಜೋಡಿಗೂ ಹೆಸರು, ಜೋಡಿಯಲ್ಲಿ ಒಬ್ಬರಿಗೂ ಹೆಸರು, ಕನ್ನಡದ ‘ಜೋಡಿ’ಯಂತೆಯೇ. ವ್ಯಾಕರಣದಲ್ಲಿ ಇದು ಸದಾ ಸ್ತ್ರೀಲಿಂಗವಾದುದರಿಂದ, ಹೇಳಿದ ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನು ಶಬ್ದವು ಬಿಟ್ಟುಕೊಡುವುದಿಲ್ಲ. ಸ್ಪ್ಯಾನಿಷಿನ ಕ್ರಿಯಾಪದವೂ ಲಿಂಗವನ್ನು ಸೂಚಿಸದು. ಕಥೆಗಾರನು ಆ ಗುಟ್ಟನ್ನು ಪುಟಗಟ್ಟಲೆ ಕಾಯಬಲ್ಲನು. ಕನ್ನಡದಲ್ಲಿಯಾದರೋ ‘ಸಂಗಾತಿ’ ಎಂದು ಮರೆಮಾಡಿದರೂ ‘ಬಂದನು’, ‘ಬಂದಳು’ ಎಂಬಲ್ಲಿ ಗುಟ್ಟು ಬಯಲಾಗುವುದು. ಗೌರವದ ‘ಬಂದರು’ ಎಂಬುದೊಂದೇ ಉಳಿದ ಉಪಾಯ. ಆದರೆ ಅದರಿಂದ ಸಲಿಗೆಯು ಮಾಯವಾಗುವುದು.

ಭಾಷಾಂತರಕಾರನಿಗೆ ಎಲ್ಲಕ್ಕಿಂತ ಕಠಿನವಾದುದು ‘ನೋವಿಯೊ’. ‘ಹೊಸ’ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದ ಇದು ಪ್ರಿಯನಿಗೂ, ಮದುವೆ ಗೊತ್ತಾದವನಿಗೂ, ಹಸೆಯ ಮೇಲೆ ಕುಳಿತ ಮದುಮಗನಿಗೂ ಒಂದೇ. ಫೆದೆರೀಕೊ ಗಾರ್ಸೀಯ ಲೋರ್ಕನ ‘ಬೋದಾಸ್ ದೆ ಸಾಂಗ್ರೆ’ (ರಕ್ತದ ಮದುವೆ) ಎಂಬ ನಾಟಕವು ಈ ಶಬ್ದದ ಮೇಲೆಯೇ ನಿಂತಿದೆಯೆಂದರೂ ಸಲ್ಲುವುದು. 1933ರ ಮಾರ್ಚಿಯಲ್ಲಿ ಮ್ಯಾಡ್ರಿಡ್ ನಗರದಲ್ಲಿ ಮೊದಲು ಆಡಿದ ಈ ನಾಟಕದಲ್ಲಿ ಲಿಯೊನಾರ್ದೊ ಒಬ್ಬನಿಗೆ ಮಾತ್ರ ಅಂಕಿತನಾಮವಿದೆ. ಉಳಿದವರು ತಾಯಿ, ಅತ್ತೆ, ನೋವಿಯೊ, ನೋವಿಯ ಎಂದು ಸಂಬಂಧದಿಂದಲೇ ಕರೆಯಲ್ಪಡುವರು. ಹುಡುಗಿಗೆ ಹಿಂದೆ ಒಬ್ಬ ನೋವಿಯೊ ಇದ್ದನೆಂಬ ಸುದ್ದಿ ಮೊದಲನೆಯ ಅಂಕದಲ್ಲಿಯೇ ತಾಯಿಯ ಮನಸ್ಸನ್ನು ಕೊರೆಯುವುದು. ಅವನು ಲಿಯೊನಾರ್ದೊ ಎಂಬುದು ನೆರೆಯವಳಿಂದ ತಿಳಿಯುವುದು. ಮಗನ ಪಾತ್ರದ ಹೆಸರೂ ಅದೇ ಶಬ್ದ. ಒಂದು ಶಬ್ದಕ್ಕೆ ಇಬ್ಬರು ಹಕ್ಕುದಾರರು. ಮೂರನೆಯ ಅಂಕದಲ್ಲಿ ಇಬ್ಬರೂ ಒಬ್ಬರ ಕೈಯಲ್ಲೊಬ್ಬರು ಮಡಿಯುವರು. ಇಂಗ್ಲಿಷಿನಲ್ಲಿ ಪಾತ್ರಕ್ಕೆ ‘ಮದುಮಗ’ ಎಂಬರ್ಥದ ಶಬ್ದವನ್ನೂ ಹಳೆಯ ನಂಟಿಗೆ ಬೇರೊಂದನ್ನೂ ಬಳಸಬೇಕಾಗುವುದರಿಂದ ಈ ಗಂಟು ಅಲ್ಲಿಯೇ ಬಿಚ್ಚಿಹೋಗುವುದು. ಇಂಗ್ಲಿಷನ್ನು ನಂಬಿದ ಕನ್ನಡಾನುವಾದಕ್ಕೆ ಅದು ಕಾಣುವುದೇ ಇಲ್ಲ.

‘ಮದುವಣಿಗ’ ಎಂಬುದು ಶಾಸ್ತ್ರದ ದಿನಕ್ಕೆ ಮಾತ್ರ ಹೊಂದುವುದು. ‘ನಲ್ಲ’, ‘ಇನಿಯ’ ಎಂಬವು ಹಸೆಯ ಮೇಲೆ ನಿಲ್ಲವು. ಮದುವೆಯ ಮನೆಯ ಬಳಕೆಯ ‘ಗಂಡು’, ‘ಹೆಣ್ಣು’ ಇವುಗಳೇ ಹತ್ತಿರದವು. ಗೊತ್ತಾದಂದಿನಿಂದ ಧಾರೆಯವರೆಗೂ ಅವೇ ಸಾಕು, ಹೆಸರಿನ ಅಗತ್ಯವಿಲ್ಲ, ತಪ್ಪಿಹೋದ ಹಳೆಯ ಸಂಬಂಧವನ್ನೂ ‘ಮೊದಲೊಂದು ಗಂಡು ಗೊತ್ತಾಗಿತ್ತು’ ಎನ್ನಬಹುದು. ಆದರೆ ಹಿರಿಯರು ಗೊತ್ತುಮಾಡಿದುದೆಂಬ ಧ್ವನಿ ಅದರಲ್ಲಿದ್ದು, ಲಿಯೊನಾರ್ದೊವಿನ ಹಳೆಯ ಒಲವು ಅಷ್ಟರಮಟ್ಟಿಗೆ ಮಸುಕಾಗುವುದು. ಅವನ ಕೈಹಿಡಿದವಳು ನಾಟಕದಲ್ಲಿ ‘ಮುಹೇರ್’. ಅಲ್ಲಿ ಮಾತ್ರ ಕನ್ನಡಕ್ಕೆ ತೊಡಕಿಲ್ಲ. ‘ಹೆಂಡತಿ’ ಎಂಬುದರೊಳಗೂ ‘ಹೆಣ್’ ಇರುವುದು.