ಮನೆಗೆ ಬಂದದ್ದು ಅರ್ಧ ಚಿತ್ರ: ಫ್ಯಾಂಟಸಿ ಹಾಸ್ಯದ ಖರ್ಚು-ವೆಚ್ಚ

ಮಂಗಳೂರಿನ ಉರ್ವದ ನಾಲ್ವರ ಕುಟುಂಬವೊಂದು ಬಿಜೈಗೋ ಪಾಂಡೇಶ್ವರಕ್ಕೋ ಹೋಗಿ ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ನೋಡುತ್ತದೆ ಎಂದುಕೊಳ್ಳೋಣ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತ್ತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ 200ನ್ನೇ ಹಿಡಿದರೂ ನಾಲ್ವರಿಗೆ 800 ರೂಪಾಯಿ. 100 ರೂಪಾಯಿ ಮೀರಿದ ಟಿಕೆಟ್‌ಗೆ ಶೇ 18 ಜಿಎಸ್‌ಟಿ, ಅಂದರೆ ಇನ್ನೂ 144. ಒಟ್ಟು 944 ರೂಪಾಯಿ. ರಿಕ್ಷಾ, ಪಾಪ್‌ಕಾರ್ನ್ ಇದರಲ್ಲಿ ಸೇರಿಲ್ಲ.

ಚಿತ್ರ ಚೆನ್ನಾಗಿದ್ದರೆ ಈ ಮೊತ್ತ ಯಾರಿಗೂ ನೆನಪಿರುವುದಿಲ್ಲ. ನಿರಾಸೆಯಾದರೆ ಮಾತ್ರ ಲೆಕ್ಕ ಶುರುವಾಗುತ್ತದೆ. ಇಡೀ ಕುಟುಂಬಕ್ಕೆಂದು ತಯಾರಾಗುವ ಫ್ಯಾಂಟಸಿ ಹಾಸ್ಯ ಚಿತ್ರಗಳಲ್ಲಿ, ಅದರಲ್ಲೂ ಅವನ್ನು ಮನೆಯ ಟಿವಿಯಲ್ಲಿ ನೋಡುವಾಗ, ಹೀಗಾಗುವುದು ಹೆಚ್ಚು. ಕಾರಣ ಅಂಕಿಗಳಲ್ಲೇ ಇದೆ.

3,88,800ರಲ್ಲಿ ಉಳಿದದ್ದೆಷ್ಟು?

ಉದಾಹರಣೆಗೆ, ‘ಕಠಾರಿವೀರ ಸುರಸುಂದರಾಂಗಿ’ ತೆರೆಕಂಡದ್ದು 2012ರ ಮೇ ತಿಂಗಳಲ್ಲಿ. ನಿರ್ಮಾಪಕ ಮುನಿರತ್ನ, ನಿರ್ದೇಶಕ ಸುರೇಶ್ ಕೃಷ್ಣ. ಉಪೇಂದ್ರ ನಾಯಕ, ರಮ್ಯಾ ಇಂದ್ರನ ಮಗಳು, ಅಂಬರೀಶ್ ಯಮಧರ್ಮ. ಕನ್ನಡದ ಮೊದಲ ಪೂರ್ಣಪ್ರಮಾಣದ ತ್ರೀಡಿ ಚಿತ್ರವೆಂದೇ ಅದು ಹೆಸರಾಯಿತು. ಕನ್ನಡಕ ಹಾಕಿ ಯಮಲೋಕ ನೋಡುವ ಸಂಭ್ರಮವೇ ಅದರ ದೊಡ್ಡ ಆಕರ್ಷಣೆಯಾಗಿತ್ತು.

ಅಂಥ ಚಿತ್ರವೊಂದರ ಅವಧಿ ಎರಡೂಕಾಲು ಗಂಟೆ, ಅಂದರೆ 8,100 ಸೆಕೆಂಡ್ ಎಂದು ಹಿಡಿಯೋಣ. ಸೆಕೆಂಡಿಗೆ 24 ಚೌಕಟ್ಟುಗಳಂತೆ 1,94,400 ಚೌಕಟ್ಟು. ತ್ರೀಡಿಯಲ್ಲಿ ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು, ಹಾಗಾಗಿ 3,88,800. ಮನೆಯ ಸಾಮಾನ್ಯ ಟಿವಿಗೆ ಬರುವುದು ಒಂದು ಕಣ್ಣಿನ ಪಾಲು ಮಾತ್ರ. ಮಿಕ್ಕ 1,94,400 ಚೌಕಟ್ಟುಗಳು ದಾರಿಯಲ್ಲೇ ಬಿಟ್ಟುಹೋದವು. ಎಲ್‌ಜಿ, ಸೋನಿ ಕಂಪನಿಗಳೂ 2017ರಲ್ಲಿ ತ್ರೀಡಿ ಟಿವಿ ಕೈಬಿಟ್ಟ ಮೇಲೆ ಅವು ಮನೆ ಸೇರುವ ದಾರಿಯೇ ಹೆಚ್ಚುಕಡಿಮೆ ಮುಚ್ಚಿತು.

ಡಿಸ್ಕ್‌ಗಳ ಕಾಲದಲ್ಲಿ ಉಳಿದ ಅರ್ಧವೂ ಕುಗ್ಗಿಯೇ ಬರುತ್ತಿತ್ತು. ಒಂದು ಚೌಕಟ್ಟಿನಲ್ಲಿರುವ ಪಿಕ್ಸೆಲ್‌ಗಳು ಹೀಗಿವೆ:

- ಚಿತ್ರಮಂದಿರದ 2ಕೆ ಪ್ರೊಜೆಕ್ಟರ್ (2048 x 1080): 22,11,840
- ಡಿವಿಡಿ (720 x 576): 4,14,720
- ವಿಸಿಡಿ (352 x 288): 1,01,376

ಪಿಕ್ಸೆಲ್ ಲೆಕ್ಕದಲ್ಲಿ ಪರದೆಯ ಚಿತ್ರ ಡಿವಿಡಿಯ ಸುಮಾರು ಐದು ಪಟ್ಟು. ವಿಸಿಡಿಯ ಸುಮಾರು 22 ಪಟ್ಟು. ತ್ರೀಡಿಯ ಎರಡು ಕಣ್ಣು ಸೇರಿಸಿದರೆ ಸುಮಾರು 44 ಪಟ್ಟು. ಒಂದು ವಿಸಿಡಿಯಲ್ಲಿ ಹಿಡಿಸುವುದು 74ರಿಂದ 80 ನಿಮಿಷವಾದ್ದರಿಂದ ಚಿತ್ರದ ನಡುವೆ ಎದ್ದು ಡಿಸ್ಕ್ ಬದಲಿಸಬೇಕಿತ್ತು. ಇಷ್ಟೆಲ್ಲ ಸೋಸಿಹೋದ ಮೇಲೂ ಪೂರ್ತಿಯಾಗಿ ಮನೆ ತಲುಪುವುದು ಎರಡೇ: ಕಥೆ ಮತ್ತು ಮಾತು. ‘ಕಠಾರಿವೀರ’ವನ್ನು ಟಿವಿಯಲ್ಲಿ ನೋಡಿದಾಗ ನನಗೆ ನಿರಾಸೆಯಾದದ್ದು ಇಲ್ಲಿಯೇ. ಅಂಬರೀಶರ ಗತ್ತು ಉಳಿಯಿತು, ಉಪೇಂದ್ರರ ಕೆಲವು ಮಾತುಗಳು ಉಳಿದವು. ಕಣ್ಣ ಮುಂದೆ ಚಾಚಿ ಬರಲೆಂದೇ ಹೆಣೆದ ದೃಶ್ಯಗಳಿಗೆ ಮಾತ್ರ ನಮ್ಮ ಟಿವಿಯಲ್ಲಿ ಕೆಲಸವೇ ಇರಲಿಲ್ಲ.

ಒಂದು ಚೌಕಟ್ಟಿಗೆ 52 ಸಾವಿರ

ಹಾಲಿವುಡ್ಡಿನ ಕಥೆಯೂ ಇದೇ. 2007ರ ‘ಇವಾನ್ ಆಲ್‌ಮೈಟಿ’ಯಲ್ಲಿ ದೇವರು ಒಬ್ಬ ರಾಜಕಾರಣಿಗೆ ದೊಡ್ಡ ನೌಕೆ ಕಟ್ಟಲು ಹೇಳುತ್ತಾನೆ. ಖರ್ಚು ಸುಮಾರು 17.5 ಕೋಟಿ ಡಾಲರ್; ವಿಶ್ವದಾದ್ಯಂತ ಟಿಕೆಟ್ ಗಳಿಕೆ ಸುಮಾರು 17.3 ಕೋಟಿ. ಆ ಗಳಿಕೆಯಲ್ಲಿ ಚಿತ್ರಮಂದಿರದವರ ಪಾಲೂ ಸೇರಿದೆ, ಹಾಗಾಗಿ ನಿರ್ಮಾಪಕರ ಕೊರತೆ ಇನ್ನೂ ದೊಡ್ಡದು. 96 ನಿಮಿಷಕ್ಕೆ 1,38,240 ಚೌಕಟ್ಟು. ಭಾಗಿಸಿದರೆ ಚೌಕಟ್ಟಿಗೆ ಸುಮಾರು 1,266 ಡಾಲರ್, ಅಂದಿನ ವಿನಿಮಯ ದರದಲ್ಲಿ ಹತ್ತಿರಹತ್ತಿರ 52 ಸಾವಿರ ರೂಪಾಯಿ. ಆ ಹಣದಿಂದ ಬಂದ ಪ್ರಾಣಿಗಳ ಹಿಂಡು, ಪ್ರವಾಹ, ನೌಕೆ ಎಲ್ಲವೂ ದೊಡ್ಡ ಪರದೆಯ ಸೊತ್ತು.

ಒಬ್ಬರಿಗೆ, ಗಂಟೆಗೆ

ಇನ್ನು ನೋಡುವವರ ಲೆಕ್ಕ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. ಆ ದರವನ್ನೇ ಅಳತೆಗೋಲಾಗಿಟ್ಟು, ನಾಲ್ವರು ಎರಡೂಕಾಲು ಗಂಟೆ, ಅಂದರೆ ಒಟ್ಟು ಒಂಬತ್ತು ತಾಸು ನೋಡಿದರೆಂದು ಹಿಡಿದರೆ:

- ಮಲ್ಟಿಪ್ಲೆಕ್ಸ್: ಒಬ್ಬರಿಗೆ ಗಂಟೆಗೆ 105 ರೂಪಾಯಿ
- 34 ರೂಪಾಯಿಯ ಡಿವಿಡಿ: 3 ರೂಪಾಯಿ 78 ಪೈಸೆ
- ಅದೇ ಡಿವಿಡಿಯನ್ನು ಇಬ್ಬರು ಮಕ್ಕಳು ಇನ್ನೂ ಐದು ಸಲ ನೋಡಿದರೆ: 1 ರೂಪಾಯಿ 8 ಪೈಸೆ
- ವರ್ಷಕ್ಕೆ 1,499 ರೂಪಾಯಿಯ ಅಮೆಜಾನ್ ಪ್ರೈಮ್, ವಾರಕ್ಕೊಂದು ಚಿತ್ರ: 3 ರೂಪಾಯಿ 20 ಪೈಸೆ
- ಅದೇ ಪ್ರೈಮ್, ತಿಂಗಳಿಗೊಂದೇ ಚಿತ್ರ: ಸುಮಾರು 14 ರೂಪಾಯಿ

2007ರ ರೂಪಾಯಿಗೆ ಬೆಲೆ ಹೆಚ್ಚಿತ್ತು, ನಿಜ. ಡಿವಿಡಿಯ ಬೆಲೆಯನ್ನು ನಾಲ್ಕು ಪಟ್ಟು ಏರಿಸಿ 136 ಎಂದರೂ, ಮಲ್ಟಿಪ್ಲೆಕ್ಸಿನ 944 ಅದರ ಸುಮಾರು ಏಳು ಪಟ್ಟು.

ವಾರಕ್ಕೊಂದು ಚಿತ್ರ ನೋಡುವ ಮನೆಗೆ ಪ್ರೈಮ್‌ನಲ್ಲಿ ಒಂದು ಚಿತ್ರ ಬೀಳುವುದು 29 ರೂಪಾಯಿಯೊಳಗೆ, ಹೆಚ್ಚುಕಡಿಮೆ ಅಂದಿನ ವಿಸಿಡಿಯ ಬೆಲೆಗೆ. ಆದರೆ ವ್ಯತ್ಯಾಸ ದೊಡ್ಡದು. ಡಿಸ್ಕ್ ಮನೆಯ ಕಪಾಟಿನಲ್ಲಿರುತ್ತಿತ್ತು. ನೆಂಟರ ಮಕ್ಕಳಿಗೆ ಕೊಡಬಹುದಿತ್ತು. ಚಂದಾ ನಿಂತ ದಿನ ಚಿತ್ರವೂ ಇಲ್ಲ. ಜಾಹೀರಾತು ಬೇಡವೆಂದರೆ 2025ರ ಜೂನ್‌ನಿಂದ ವರ್ಷಕ್ಕೆ ಇನ್ನೂ 699 ರೂಪಾಯಿ ಕೊಡಬೇಕು. ಮೊಬೈಲಿನಲ್ಲೇ ನೋಡುವವರಿಗೆ ಡೇಟಾ ಬೇರೆ: ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಇಡೀ ಚಿತ್ರಕ್ಕೆ ಸುಮಾರು 5 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಸಿಗುವವರಿಗೆ ಅದು ಮೂರು ದಿನದ ಪಾಲಿಗಿಂತ ಹೆಚ್ಚು.

ಖರ್ಚು ಎಲ್ಲಿ ಆಗಬೇಕು?

ಮಂಗಳೂರಿಗೆ ಈ ಪ್ರಶ್ನೆ ಹೊರಗಿನದಲ್ಲ. 2014ರಲ್ಲಿ ಬಂದ ತುಳುವಿನ ‘ಚಾಲಿಪೋಲಿಲು’ ಇದೇ ಊರಿನಲ್ಲಿ 500 ದಿನ ದಾಟಿ ಓಡಿತು. ಅದನ್ನು ಓಡಿಸಿದ್ದು ಯಮಲೋಕದ ಸೆಟ್ಟಲ್ಲ, ತ್ರೀಡಿಯೂ ಅಲ್ಲ. ತುಳು ರಂಗಭೂಮಿಯಲ್ಲಿ ಪಳಗಿದ ನಟರು, ಅವರ ಬಾಯಿಂದ ಬಂದ ಮಾತು. ಅಂಥ ಮಾತು ಸಣ್ಣ ಪರದೆಯಲ್ಲಿ ಕುಗ್ಗುವುದಿಲ್ಲ.

ಮಕ್ಕಳು ಮತ್ತೆ ಮತ್ತೆ ನೋಡುವ ಚಿತ್ರಗಳು ಹಳೆಯವಾಗುವುದು ಮನೆಯ ಟಿವಿಯಲ್ಲೇ. ಅಲ್ಲಿಗೆ ಪೂರ್ತಿಯಾಗಿ ತಲುಪದ ವೈಭವಕ್ಕೆ ಕೋಟಿಗಳನ್ನು ಸುರಿದು, ಪೂರ್ತಿಯಾಗಿ ತಲುಪುವ ಬರವಣಿಗೆಯಲ್ಲಿ ಉಳಿತಾಯ ಮಾಡಿದರೆ ಆ ನಷ್ಟವನ್ನು ಟಿಕೆಟ್ ಕೊಂಡ ಕುಟುಂಬವೂ ಹೊರುತ್ತದೆ, ನಿರ್ಮಾಪಕನೂ ಹೊರುತ್ತಾನೆ. ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಮುಂದಿನ ಫ್ಯಾಂಟಸಿ ಹಾಸ್ಯಕ್ಕೆ ಬಂಡವಾಳ ಹಾಕುವವರು ಮೊದಲ ಕಂತನ್ನು ಸಂಭಾಷಣೆ ಬರೆಯುವವರಿಗೆ ಕೊಡಲಿ.